ಆರು ಜನ ಅಂದಿದ್ರಲ್ಲಾ?

ಹೋದ ಲಾಂಗ್ ವೀಕೆಂಡಿಗೆ ಎಲ್ಲಿಗೆ ಹೋಗಿದ್ರಿ? ತಡೀರಿ, ಹೇಳ್ಬೇಡಿ, ನಾನೇ ಹೇಳ್ತೀನಿ. ಚಿಕ್ಕಮಗಳೂರು. ಇಲ್ಲಾಂದ್ರೆ ಸಕಲೇಶಪುರ. ಅದೂ ಅಲ್ಲಾಂದ್ರೆ ಮಡಿಕೇರಿ. (ಶುಕ್ರವಾರ ಸಂಜೆ ಬೆಂಗಳೂರಿನವರಿಗೆ ನೆನಪಾಗೋ ಕರ್ನಾಟಕ ಇಷ್ಟೇ ದೊಡ್ಡದು.) ಹೋಂಸ್ಟೇ ಹುಡುಕಿದ್ರಿ, ಫೋನಲ್ಲಿ ಚೌಕಾಶಿ ಮಾಡಿದ್ರಿ, ಅಡ್ವಾನ್ಸ್ ಹಾಕಿದ್ರಿ. "ಎಷ್ಟು ಜನ ಸಾರ್?" ಅಂತ ಆ ಕಡೆಯಿಂದ ಕೇಳಿದಾಗ ಒಂದೇ ಒಂದು ಸೆಕೆಂಡು ತಡವರಿಸಿ "ಆರು" ಅಂದ್ರಿ.

ಆ ಒಂದು ಸೆಕೆಂಡಿನ ಬಗ್ಗೆ ಮಾತಾಡೋಣ ಬನ್ನಿ.

ಅಷ್ಟರಲ್ಲಿ ನಿಮ್ಮ ತಲೆಯೊಳಗೆ ಏನೇನು ಓಡ್ತು ಅಂತ ನಂಗೊತ್ತು. ನಾವಿಬ್ರು, ಅಕ್ಕ ಭಾವ, ಪಕ್ಕದ ಮನೆ ಗಂಡ ಹೆಂಡ್ತಿ, ಆರಾಯ್ತು. ಮೂರು ಮಕ್ಕಳು, ಅವು ಮಕ್ಕಳಲ್ವಾ, ಬಿಡು. ಅತ್ತೆ, ಪಾಪ ಏನೂ ತಿನ್ನಲ್ಲ. ಆಫೀಸಿನ ಆ ಹುಡುಗ, ಬರೋದು ಡೌಟು. ಡ್ರೈವರು, ಅವನು ಡ್ರೈವರಪ್ಪ. ಒಟ್ಟು ಹನ್ನೆರಡು ತಲೆ. ಹೇಳಿದ್ದು ಆರು. ಅರ್ಧಕ್ಕರ್ಧ ಡಿಸ್ಕೌಂಟು, ಅದೂ ನೀವೇ ಕೊಟ್ಕೊಂಡಿದ್ದು!

ಎಣಿಸೋಕೆ ಬರಲ್ಲ ಅಂತ ಮಾತ್ರ ಹೇಳ್ಬೇಡಿ ಮತ್ತೆ. ಎದುರು ಫ್ಲಾಟಿನ ಬ್ಯಾಚುಲರ್ ಹುಡುಗರು ಮೂರು ಜನ ಅಂತ ಹೇಳಿ ಐದು ಜನ ಇದಾರೆ ಅಂತ ಸೊಸೈಟಿ ಗ್ರೂಪಲ್ಲಿ ಫೋಟೋ ಸಮೇತ ಹಾಕಿದ್ದು ಯಾರು? ನೀರಿನ ಬಿಲ್ಲು ಹಂಚೋವಾಗ "ಅವರ ಮನೇಲಿ ನೆಂಟರಿದಾರೆ, ಎಕ್ಸ್‌ಟ್ರಾ ಹಾಕಿ" ಅಂದಿದ್ದು ಯಾರು? ಬೇರೆಯವರ ತಲೆ ಎಣಿಸೋದರಲ್ಲಿ ನಿಮ್ಮಷ್ಟು ಚುರುಕು ಜನಗಣತಿಯವರೂ ಇಲ್ಲ.

ಇದೆಲ್ಲ ನಂಗೆ ಹೇಗೆ ಗೊತ್ತು ಅಂತೀರಾ? ನಮ್ಮ ಚಿಕ್ಕಮ್ಮ ಚಿಕ್ಕಪ್ಪ ಮೂಡಿಗೆರೆಯಿಂದ ಮುಂದೆ, ಕೊಟ್ಟಿಗೆಹಾರದ ಕಡೆ, ಕಾಫಿ ತೋಟದ ಮನೆಯಲ್ಲಿ ಹೋಂಸ್ಟೇ ಇಟ್ಕೊಂಡಿದಾರೆ. ಮೂರು ರೂಮು, ಒಂದು ಉದ್ದ ಜಗಲಿ, ಬಚ್ಚಲಲ್ಲಿ ಹಂಡೆ. ನಿಮ್ಮಂಥವರ (ಸಿಟ್ಟಾಗ್ಬೇಡಿ, ನಮ್ಮಂಥವರ ಅಂತಲೇ ಓದ್ಕೊಳ್ಳಿ) ಎಲ್ಲ ಕಿತಾಪತಿಗಳ ವರದಿ ವಾರಕ್ಕೊಮ್ಮೆ ನಂಗೆ ಫೋನಲ್ಲಿ ಬರುತ್ತೆ.

ಮೊದಲನೇ ಕಿತಾಪತಿ ಎರಡು ಕಾರಿನದು. ಒಂದು ಕಾರು ಸಭ್ಯವಾಗಿ ಗೇಟಿಗೆ ಬರುತ್ತೆ. ಅದರಿಂದ ಸರಿಯಾಗಿ ಆರು ಜನ ಇಳೀತಾರೆ. ಇನ್ನೊಂದು ಕಾರು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂತಾ ಕೂತಿರುತ್ತೆ. ಒಂದು ಗಂಟೆ ಬಿಟ್ಟು ಬರುತ್ತೆ. "ಆಂಟೀ, ನಮ್ಮ ಫ್ರೆಂಡ್ಸು, ಸುಮ್ನೆ ಪ್ಲೇಸ್ ನೋಡ್ಕೊಂಡು ಹೋಗೋಣ ಅಂತ ಬಂದ್ರು." ನೋಡ್ಕೊಂಡು ಹೋಗೋರ ಡಿಕ್ಕಿಯಲ್ಲಿ ದಿಂಬು ಯಾಕಿರುತ್ತೆ ಹೇಳಿ?

ಚಿಕ್ಕಮ್ಮ ಏನೂ ಕೇಳಲ್ಲ. ಕಾಫಿ ಕೊಡ್ತಾರೆ. ಆಮೇಲೆ ಜಗಲಿ ಮೆಟ್ಟಿಲ ಹತ್ರ ಹೋಗಿ ಚಪ್ಪಲಿ ಎಣಿಸ್ತಾರೆ. (ಮಲೆನಾಡಲ್ಲಿ ಕೆಸರು ಕಾಲಲ್ಲಿ ಯಾರೂ ಒಳಗೆ ಹೋಗಂಗಿಲ್ಲ, ಹಾಗಾಗಿ ಚಪ್ಪಲಿ ಸುಳ್ಳು ಹೇಳಲ್ಲ.) ರಾತ್ರಿ ಹತ್ತಕ್ಕೆ ಇದ್ದ ಚಪ್ಪಲಿ ಬೆಳಗ್ಗೆ ಆರಕ್ಕೂ ಅಲ್ಲೇ ಇದ್ರೆ ಆ ಕಾಲು ರಾತ್ರಿ ಎಲ್ಲಿತ್ತು? ಸಿಸಿ ಕ್ಯಾಮೆರಾ ಯಾತಕ್ಕೆ ಬೇಕು ಇಂಥವರಿಗೆ.

ಎರಡನೇದು ಮಗುವಿನ ವಯಸ್ಸು. ನಿಮ್ಮ ಮಗುವಿನದೇ. ರೈಲಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದ್ದರಿಂದ ರೈಲಲ್ಲಿ ಅದಕ್ಕೆ ನಾಲ್ಕೂಮುಕ್ಕಾಲು. ಏರ್‌ಬಿಎನ್‌ಬಿಯಲ್ಲಿ ಎರಡು ವರ್ಷದೊಳಗಿನ ಕೂಸು ಮಾತ್ರ ಲೆಕ್ಕಕ್ಕಿಲ್ಲ, ಎರಡು ದಾಟಿತೋ ಅದೂ ಒಬ್ಬ ಗೆಸ್ಟು. ಹಾಗಾಗಿ ಅಲ್ಲಿ ಅದು ಕೂಸು. ಒಂದನೇ ಕ್ಲಾಸಿನ ಅಡ್ಮಿಷನ್ ದಿನ ಮಾತ್ರ ಆರು ತುಂಬಿ ಏಳಕ್ಕೆ ಬಿದ್ದಿರುತ್ತೆ!

ಆ ಎರಡು ವರ್ಷದೊಳಗಿನ ಕೂಸು ಬಂದ ಕೂಡಲೇ "ಆಂಟಿ, ವೈಫೈ ಪಾಸ್‌ವರ್ಡ್ ಏನು?" ಅಂತ ಕೇಳಿತಂತೆ. ಚಿಕ್ಕಮ್ಮ ಅಪ್ಪನ ಮುಖ ನೋಡಿದ್ರಂತೆ. ಅಪ್ಪ ಕಾಫಿ ಗಿಡ ನೋಡ್ತಿದ್ದನಂತೆ.

ಮೂರನೆಯವರು ಏನೂ ತಿನ್ನದ ಅತ್ತೆ. ಈ ಅತ್ತೆಯಂದಿರ ಬಗ್ಗೆ ಒಂದು ಮಾತು ಹೇಳ್ಬೇಕು. ಬೆಂಗಳೂರಲ್ಲಿ ಶುಗರು, ಬಿಪಿ, ಗ್ಯಾಸು, ರಾತ್ರಿ ಬರೀ ಮಜ್ಜಿಗೆ. ಹಾಸನ ದಾಟಿ ಬೇಲೂರು ಕಳೆದು ತಂಗಾಳಿ ತಾಗಿದ್ದೇ ತಡ, ಹಸಿವು ಎಲ್ಲಿಂದಲೋ ಬಂದ್ಬಿಡುತ್ತೆ. ಕಡುಬು ಎಷ್ಟು ಮೃದು ಇದೆ ನೋಡಮ್ಮ, ಇನ್ನೊಂದು ಹಾಕು. ಕಳಲೆ ಪಲ್ಯ ನಮ್ಮ ತವರಲ್ಲಿ ತಿಂದಿದ್ದು, ಇನ್ನೊಂಚೂರು ಹಾಕು. ತಿನ್ನಲಿ, ತಿನ್ನಬೇಕಾದ್ದೇ. ಲೆಕ್ಕದಲ್ಲಿ ಅವರನ್ನು ಬಿಟ್ಟಿದ್ದು ನೀವು, ಅವರಲ್ಲ.

ನಾಲ್ಕನೆಯವನು "ಬರೋದು ಡೌಟು" ಹುಡುಗ. ಅವನು ಬಂದೇ ಬರ್ತಾನೆ. ಮಂಗಳೂರಲ್ಲಿ ಕೆಲಸ ಇತ್ತು, ಬೈಕಲ್ಲಿ ಚಾರ್ಮಾಡಿ ಹತ್ತಿ ಬಂದೆ ಅಂತ ರಾತ್ರಿ ಹನ್ನೊಂದಕ್ಕೆ ಹಲ್ಲು ಕಿರೀತಾ ನಿಲ್ತಾನೆ. ಮೈಯೆಲ್ಲ ಒದ್ದೆ. ಆ ಮಳೆಯಲ್ಲಿ, ಆನೆ ಓಡಾಡೋ ರಸ್ತೆಯಲ್ಲಿ, ವಾಪಸ್ ಹೋಗು ಅನ್ನೋಕಾಗುತ್ತಾ? ಆಗಲ್ಲ. ಆಗಲ್ಲ ಅಂತ ನಿಮಗೂ ಗೊತ್ತು. ಗೊತ್ತಿದ್ದೇ ಅಲ್ವಾ ಅವನಿಗೆ "ಲೇಟಾಗಿ ಬಾರೋ" ಅಂದಿದ್ದು?

ಇನ್ನು ಡ್ರೈವರು. ಇವನ ವಿಷಯಕ್ಕೆ ಬಂದ್ರೆ ನಂಗೆ ನಗು ಸ್ವಲ್ಪ ಕಡಿಮೆಯಾಗುತ್ತೆ. ಬೆಂಗಳೂರಿಂದ ಸುಮಾರು 250 ಕಿಲೋಮೀಟರ್ ಗಾಡಿ ಓಡಿಸಿದ್ದು ಅವನು. ನಾಳೆ ದೇವರಮನೆ ಗುಡ್ಡದ ತಿರುವಲ್ಲಿ ನಿಮ್ಮನ್ನೆಲ್ಲ ಹುಷಾರಾಗಿ ಹತ್ತಿಸಿ ಇಳಿಸೋದೂ ಅವನೇ. ಅವನಿಗೆ ಮಲಗೋಕೆ ಜಾಗ ಇದೆಯಾ ಅಂತ ಬುಕ್ ಮಾಡೋವಾಗ ಕೇಳಿದ್ರಾ? ಇಲ್ಲ. "ಅವನು ಗಾಡಿಯಲ್ಲೇ ಮಲಗ್ತಾನೆ" ಅಂತ ಅವನ ಪರವಾಗಿ ನೀವೇ ಹೇಳಿಬಿಟ್ರಿ.

ಮಲೆನಾಡಿನ ಚಳಿಯಲ್ಲಿ ಗಾಡಿ ಸೀಟಿನ ಮೇಲೆ ಕಾಲು ಮಡಚಿ ಮಲಗಿದವನು ಬೆಳಗ್ಗೆ ಘಾಟಿಯಲ್ಲಿ ತೂಕಡಿಸಿದ್ರೆ? ಡ್ರೈವರಿಗೆ ಜಾಗ ಬೇಕು ಅಂತ ಮೊದಲೇ ಹೇಳಿದ್ರೆ ಚಿಕ್ಕಮ್ಮ ದುಡ್ಡೇ ಕೇಳಲ್ಲ. ಆ ಕಡೆಯ ಎಷ್ಟೋ ಮನೆಯವರು ಕೇಳಲ್ಲ. ಔಟ್‌ಹೌಸಲ್ಲಿ ಒಂದು ಮಂಚ, ಒಂದು ರಗ್ಗು, ಮನೆಯವರ ಜೊತೆ ಊಟ. (ಗೆಸ್ಟಿಗಿಂತ ಡ್ರೈವರಿಗೇ ಒಳ್ಳೆ ಊಟ ಸಿಗುತ್ತೆ ಅನ್ನೋದು ಆ ಕಡೆಯ ಗುಟ್ಟು. ಮೀನು ಸಾರಿನ ತಲೆ ಭಾಗ ಅವನ ತಟ್ಟೆಗೇ.) ಪುಕ್ಕಟೆ ಸಿಗೋದನ್ನೂ ಕೇಳದೇ ಇರೋ ಸಂಕೋಚ ನಿಮಗೆಲ್ಲಿಂದ ಬಂತೋ. ಆರು ಅಂದಿದ್ದು ಏಳಾಗಿಬಿಡುತ್ತೆ ಅಂತಲಾ?

ಯಾಕೆ ಹೀಗೆ ನಾವು? ಕೆಟ್ಟವರಾ? ಛೆ ಛೆ. ನಂಗನ್ಸುತ್ತೆ, ಇದು ಲಗ್ನಪತ್ರಿಕೆಯಿಂದ ಬಂದ ಅಭ್ಯಾಸ. ಸಕುಟುಂಬ ಸಪರಿವಾರ ಸಮೇತರಾಗಿ ಬನ್ನಿ ಅಂತಲೇ ಅಚ್ಚು ಹಾಕಿಸ್ತೀವಿ. ಎಷ್ಟು ಜನ ಬರ್ತೀರಿ ಅಂತ ಕೇಳಿದ್ರೆ ಮುಗೀತು, ಮೂರು ತಲೆಮಾರು ಮಾತು ಬಿಡ್ತಾರೆ. ಹಾಗಾಗಿ ತಲೆ ಎಣಿಸೋದೇ ಅವಮಾನ ಅಂತ ನಮ್ಮ ರಕ್ತದಲ್ಲಿ ಕೂತಿದೆ. ನಮ್ಮ ತಲೆ ಎಣಿಸೋದು, ಸ್ಪಷ್ಟ ಮಾಡಿಬಿಡ್ತೀನಿ.

ಆದ್ರೆ ಅದೇ ಮದುವೆ ಮನೆಯ ಹಿಂದುಗಡೆ ಹೋಗಿ ನೋಡಿ. ಅಡುಗೆ ಕಂಟ್ರ್ಯಾಕ್ಟರು ಒಂದು ಎಲೆಗೆ ಇಷ್ಟು ಅಂತ ಮಾತಾಡಿರ್ತಾನೆ. ಎಷ್ಟೆಲೆ ಬಿತ್ತು ಅಂತ ಹುಡುಗಿ ಕಡೆಯೋರೊಬ್ರು, ಅವನ ಕಡೆಯೋನೊಬ್ಬ ಎಣಿಸ್ತಾ ನಿಂತಿರ್ತಾರೆ. ಲೆಕ್ಕ ಇಲ್ಲದ ಆತಿಥ್ಯ ಅಂತ ಯಾವುದೂ ಇಲ್ಲ ಮಾರಾಯ್ರೆ. ಎಣಿಸೋನು ನಮ್ಮ ಕಣ್ಣಿಗೆ ಬೀಳದ ಕಡೆ ನಿಂತಿರ್ತಾನೆ, ಅಷ್ಟೇ.

ಹೋಂಸ್ಟೇಯಲ್ಲಿ ಆ ಎಣಿಸೋನು ಎಲ್ಲಿರ್ತಾನೆ ಗೊತ್ತಾ? ಮನೆ ಹಿಂದೆ, ನೀರಿನ ಟ್ಯಾಂಕಲ್ಲಿ. ಪಟ್ಟಣದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಅಂತ ಕೇಂದ್ರ ಸರ್ಕಾರದ ನೀರು ಸರಬರಾಜಿನ ಕೈಪಿಡಿ ಲೆಕ್ಕ ಹಾಕುತ್ತೆ. ಆರು ಜನಕ್ಕೆ 810. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಆರಾಮಾಗಿ ತೂಗಿಸುತ್ತೆ. ಹನ್ನೆರಡು ಜನಕ್ಕೆ 1620. ಅದರ ಮೇಲೆ ನೀವು ಟ್ರೆಕ್ಕಿಂದ ಬಂದು, ಜಿಗಣೆ ಕಿತ್ತು, ಕೆಸರು ಪ್ಯಾಂಟು ತೊಳೆದು, ಎರಡೆರಡು ಸಲ ಸ್ನಾನ ಮಾಡೋರು.

ಮಳೆಗಾಲದಲ್ಲಿ ನೀರಿಗೇನು ಬರ ಅಂತೀರಾ? ನೀರಿಗೆ ಬರ ಇಲ್ಲ, ಕರೆಂಟಿಗೆ. ಗಾಳಿಗೆ ಮರ ಬಿದ್ದು ಲೈನ್ ಹೋದ್ರೆ ಮೋಟಾರ್ ಓಡಲ್ಲ, ಟ್ಯಾಂಕ್ ತುಂಬಲ್ಲ. 2024ರ ಬೇಸಿಗೆಯಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಬೆಂಗಳೂರಲ್ಲಿ ಜಲಮಂಡಳಿ ಹೇಳಿದಾಗ ಬಕೆಟ್ ಅಳತೆಯಲ್ಲಿ ಬದುಕಿದವರು ನೀವು. ಮೂಡಿಗೆರೆ ದಾಟಿದ ಕೂಡಲೇ ಮರೆತುಹೋಯ್ತಾ?

ಇನ್ನೂ ಹಿಂದೆ ಹೋದ್ರೆ ಸೆಪ್ಟಿಕ್ ಟ್ಯಾಂಕು. (ಊಟ ಮಾಡ್ತಾ ಓದ್ತಿದ್ರೆ ಈ ಪ್ಯಾರಾ ಹಾರಿಸಿ.) ಒಳಗೆ ಹೋದದ್ದು ಅಲ್ಲಿ ಒಂದು ದಿನವಾದ್ರೂ ನಿಂತು, ಗಟ್ಟಿ ತಳಕ್ಕೆ ಕೂತು, ತಿಳಿ ಮಾತ್ರ ಇಂಗುಗುಂಡಿಗೆ ಹೋಗ್ಬೇಕು. ಅದಕ್ಕೇ ಕಟ್ಟೋವಾಗ ಇಷ್ಟು ಜನಕ್ಕೆ ಅಂತ ಅಳತೆ. ಡಬಲ್ ಜನ ಡಬಲ್ ಬಕೆಟ್ ಹುಯ್ದ್ರೆ ನಿಲ್ಲೋಕೇ ಟೈಮಿಲ್ಲ, ಗಟ್ಟಿಯೂ ಗುಂಡಿಗೆ ನುಗ್ಗಿ ಅದು ಕಟ್ಕೊಳ್ಳುತ್ತೆ. ಆಮೇಲೆ ಸಕ್ಕಿಂಗ್ ಮಷಿನ್ ಗಾಡಿ ತೋಟದ ಕಚ್ಚಾ ರಸ್ತೆಯಲ್ಲಿ ಬರೋದು ನೀವು ಹೋದ ಮೇಲೆ. ಆ ಬಿಲ್ಲನ್ನು ಯಾವ ರಿವ್ಯೂದಲ್ಲೂ ನೀವು ಓದಿರಲ್ಲ.

ಅಡುಗೆಮನೆ ಕಥೆ ಕೇಳೋದೇ ಬೇಡ. ಆರು ಜನಕ್ಕೆ ಅಂತ ಕೊಯ್ದ ನಾಟಿ ಕೋಳಿಗೆ ಹನ್ನೆರಡು ಜನ ಬಂದ್ರು ಅಂತ ಇನ್ನೆರಡು ಕಾಲು ಹುಟ್ಟಲ್ಲ. ಸಿಟಿಯಲ್ಲಾದ್ರೆ ಆಪಲ್ಲಿ ಬಟನ್ ಒತ್ತಿ ಬಿರಿಯಾನಿ ತರಿಸ್ತೀರಿ. ಅಲ್ಲಿ ಹತ್ತಿರದ ಅಂಗಡಿಗೇ ಏಳೆಂಟು ಕಿಲೋಮೀಟರ್, ಅದೂ ಎಂಟಕ್ಕೆ ಶಟರ್ ಎಳೆದಿರುತ್ತೆ. ಕಡುಬಿನ ಹಬೆ ಪಾತ್ರೆ ಇನ್ನೊಂದು ಸಲ ಒಲೆ ಮೇಲೆ ಕೂರ್ಬೇಕು. ಚಿಕ್ಕಮ್ಮನಿಗೆ ಸಹಾಯಕ್ಕೆ ಬರೋ ಹೆಂಗಸು ಮನೆಗೆ ಹೋಗೋದು ರಾತ್ರಿ ಹತ್ತಾಗುತ್ತೆ. ಅವಳು ಹೋಗೋದೂ ಅದೇ ಆನೆ ರಸ್ತೆ.

ಪಾಪ, ಮನೆಯವರು ಆ ರಾತ್ರಿ ಏನು ತಿಂದ್ರು ಅಂತ ಕೇಳಿ ನೋಡಿ. ಅನ್ನ, ಉಪ್ಪಿನಕಾಯಿ.

ಈಗ ಸ್ವಲ್ಪ ಸೀರಿಯಸ್ ಆಗ್ತೀನಿ, ಎರಡೇ ನಿಮಿಷ. ಚಿಕ್ಕಮ್ಮನ ಹತ್ರ ಒಂದು ದಪ್ಪ ರಿಜಿಸ್ಟರ್ ಇದೆ. ಹೆಸರು, ವಿಳಾಸ, ಫೋನ್ ನಂಬರು, ಗುರುತಿನ ಚೀಟಿ, ಗಾಡಿ ನಂಬರು. "ಪೊಲೀಸಿನವರು ಬಂದ್ರೆ ತೋರಿಸ್ಬೇಕು ಮಗಾ" ಅಂತ ಪೆನ್ನು ಕೊಟ್ರೆ ನೀವು ಒಬ್ಬರ ಹೆಸರು ಗೀಚಿ "ಪ್ಲಸ್ ಫೈವ್" ಅಂತ ಬರೀತೀರಿ. ಪ್ಲಸ್ ಫೈವ್ ಅನ್ನೋರು ಯಾರು? ಅಪ್ಪ ಅಮ್ಮ ಇಲ್ವಾ ಅವರಿಗೆ?

ಇದೇನು ಈಗಿನ ಕಾಲದ ಕಿರಿಕಿರಿ ಅಂದ್ಕೋಬೇಡಿ. ಬ್ರಿಟಿಷ್ ಇಂಡಿಯಾದಲ್ಲಿ 1867ರಲ್ಲೇ ಸರಾಯ್ ಕಾಯ್ದೆ ಬಂತು. ದಾರಿಹೋಕರಿಗೆ ತಂಗೋಕೆ ಜಾಗ ಕೊಡೋನು, ಹಿಂದಿನ ದಿನ, ಹಿಂದಿನ ರಾತ್ರಿ ಯಾರ್ಯಾರು ಬಂದಿದ್ರು ಅಂತ ಮ್ಯಾಜಿಸ್ಟ್ರೇಟರು ಕೇಳಿದ್ರೆ ವರದಿ ಒಪ್ಪಿಸಬೇಕಿತ್ತು. ಎತ್ತಿನಗಾಡಿಯಲ್ಲಿ ಬಂದವನೇ ಲೆಕ್ಕ ಕೊಟ್ಟ. ಇನ್ನೋವಾದಲ್ಲಿ ಬಂದ ನಿಮಗೇನು ಧಾಡಿ?

ಇನ್ನು ಅಮೆರಿಕದಿಂದ ಬಂದ ನಿಮ್ಮ ಭಾವಮೈದ. ಹುಟ್ಟಿದ್ದು ದಾವಣಗೆರೆ, ಮಾತಾಡೋದು ಅಪ್ಪಟ ಕನ್ನಡ, ಜೇಬಲ್ಲಿರೋದು ಅಮೆರಿಕದ ಪಾಸ್‌ಪೋರ್ಟು. ಇವರನ್ನು ನೀವು "ನಮ್ಮನೆಯೋರೇ" ಅಂತ ಲೆಕ್ಕಕ್ಕೆ ಸೇರಿಸದೇ ಕರ್ಕೊಂಡು ಹೋಗ್ತೀರಿ. ವಿದೇಶಿಯರು ಬಂದು ತಂಗಿದ್ರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಫಾರ್ಮ್ ತುಂಬಬೇಕು, ಅದು ಜಾಗ ಕೊಟ್ಟವರ ಹೊಣೆ. ಭಾವಮೈದ ಒಂದು ಕಡುಬು ತಿಂದು ಹೊರಟುಹೋಗ್ತಾರೆ, ಚಿಕ್ಕಪ್ಪ ಸ್ಟೇಷನ್ನಿಗೆ ಅಲೀಬೇಕು!

ಕಾನೂನಿನ ಮಾತು ಬಿಡಿ. ಆ ಕಡೆ ಅಬ್ಬಿಗಳಿವೆ, ಬಂಡೆಗಳಿವೆ, ಪಾಚಿ ಇದೆ, ಸೆಲ್ಫಿ ಇದೆ. ಸಂಜೆ ಕತ್ತಲಾದ್ಮೇಲೂ ಒಬ್ಬ ವಾಪಸ್ ಬರ್ಲಿಲ್ಲ ಅಂದ್ರೆ ಹುಡುಕೋರು ಮೊದಲು ಕೇಳೋದು ಎಷ್ಟು ಜನ ಇದ್ರಿ ಅಂತ. ರಿಜಿಸ್ಟರ್ ಪ್ರಕಾರ ಆರು ಜನ ಮನೆಯಲ್ಲೇ ಇದಾರೆ. ಕಳೆದುಹೋದವನ ಹೆಸರೇ ಪುಸ್ತಕದಲ್ಲಿಲ್ಲ. ಅವನ ಮನೆಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ನೆಟ್‌ವರ್ಕೂ ಇಲ್ಲ, ನಂಬರೂ ಇಲ್ಲ. ಸರಿ, ಸೀರಿಯಸ್ ಮುಗೀತು.

ಹೊರಗಿನ ದೇಶದಲ್ಲಿ ಇದೆಲ್ಲ ಇಲ್ಲ ಅಂತೀರಾ? ಅಲ್ಲಿ ಇನ್ನೂ ದೊಡ್ಡದು. 2019ರಲ್ಲಿ ಕ್ಯಾಲಿಫೋರ್ನಿಯಾದ ಓರಿಂಡಾದಲ್ಲಿ ಏರ್‌ಬಿಎನ್‌ಬಿ ಮೂಲಕ ಬಾಡಿಗೆಗೆ ತಗೊಂಡ ಮನೆಯಲ್ಲಿ ಹ್ಯಾಲೋವೀನ್ ಪಾರ್ಟಿಗೆ ನೂರಕ್ಕೂ ಹೆಚ್ಚು ಜನ ಸೇರಿ, ಗುಂಡು ಹಾರಿ, ಐದು ಜನ ಸತ್ತರು. 2020ರ ಆಗಸ್ಟಲ್ಲಿ ಕಂಪನಿ ಪ್ರಪಂಚದಾದ್ಯಂತ ಪಾರ್ಟಿ ನಿಷೇಧ ಮಾಡಿತು, ಒಂದು ಮನೆಗೆ 16 ಜನ ಅಂತ ಮಿತಿ ಹಾಕಿತು. 2022ರಲ್ಲಿ ನಿಷೇಧ ಕಾಯಂ ಆಯ್ತು, 16ರ ಮಿತಿ ಮಾತ್ರ ತೆಗೆದ್ರು. ನಮ್ಮಲ್ಲಿ ಪಾರ್ಟಿ ಅಂದ್ರೆ ಅಂತ್ಯಾಕ್ಷರಿ ಮತ್ತು ಎರಡು ಬಿಯರು. (ಎರಡು ಅಂದ್ರೆ ನಿಮ್ಮ ಲೆಕ್ಕದ ಎರಡು.)

ಆಪಿನ ಮೂಲಕ ಹೋದ್ರೆ ಹೋಸ್ಟಿಗೆ ಕೆಲವು ದಾರಿಗಳಿವೆ. ಇಷ್ಟು ಜನಕ್ಕಿಂತ ಹೆಚ್ಚಾದ್ರೆ ತಲೆಗಿಷ್ಟು ಅಂತ ಮೊದಲೇ ಹಾಕಬಹುದು. ಬುಕಿಂಗ್ ಬದಲಾಯಿಸಿ ಅಂತ ಕೇಳಬಹುದು. ಏನಾದ್ರೂ ಮುರಿದ್ರೆ ಚೆಕ್‌ಔಟ್ ಆಗಿ 14 ದಿನದೊಳಗೆ ದುಡ್ಡು ಕೇಳಬಹುದು. ಮನೆಯೊಳಗೆ ಕ್ಯಾಮೆರಾ ಇಡೋ ಹಾಗಿಲ್ಲ, 2024ರ ಏಪ್ರಿಲ್ 30ರಿಂದ ಅದು ಪೂರ್ತಿ ಬಂದ್. ಬಾಗಿಲಾಚೆ, ಮೊದಲೇ ಹೇಳಿ, ಇಡಬಹುದು. ಚಿಕ್ಕಮ್ಮನ ಚಪ್ಪಲಿ ಎಣಿಕೆಗೆ ಇನ್ನೂ ಯಾವ ಆಪೂ ನಿಷೇಧ ಹಾಕಿಲ್ಲ.

ಆದ್ರೆ ಹೋಸ್ಟ್ ಬಾಯಿ ಬಿಡೋಕೆ ಹೆದರೋದು ಯಾತಕ್ಕೆ ಗೊತ್ತಾ? ನಿಮ್ಮ ಹೆಬ್ಬೆರಳಿಗೆ. ಎಕ್ಸ್‌ಟ್ರಾ ದುಡ್ಡು ಕೇಳಿದ್ರೆ ಸಾಕು, ಟೋಲ್ ದಾಟೋದರೊಳಗೆ ಒಂದು ಸ್ಟಾರ್. "ಪ್ಲೇಸ್ ಈಸ್ ಗುಡ್ ಬಟ್ ಆಂಟಿ ಈಸ್ ವೆರಿ ಕಮರ್ಷಿಯಲ್." ಆರು ಜನರ ದುಡ್ಡಿಗೆ ಹನ್ನೆರಡು ಜನ ಮಲಗಿದ್ದು ಏನು, ಸಮಾಜಸೇವೆನಾ?

ಹಾಗಾದ್ರೆ ಚಿಕ್ಕಮ್ಮ ಹೇಗೆ ನಿಭಾಯಿಸ್ತಾರೆ? ಹೋಂಸ್ಟೇ ಮಾಡೋ ಯೋಚನೆ ಇದ್ರೆ ಗಮನ ಇಟ್ಟು ಕೇಳಿ. (ರಿಟೈರ್ ಆದ್ಮೇಲೆ ತೋಟದಲ್ಲಿ ಹೋಂಸ್ಟೇ ಮಾಡ್ತೀನಿ ಅನ್ನದ ಬೆಂಗಳೂರಿಗನನ್ನು ನಾನಿನ್ನೂ ನೋಡಿಲ್ಲ.) ಅವರ ಮೊದಲನೇ ಸೂತ್ರ, ಬ್ಯಾಗು ಇಳಿಯೋ ಮುಂಚೆ ಮಾತಾಡಬೇಕು. ಬ್ಯಾಗು ರೂಮಿಗೆ ಹೋಗಿ ಟವೆಲ್ ಒದ್ದೆಯಾದ ಮೇಲೆ ನೀವು ಕೇಳೋದು ದುಡ್ಡಲ್ಲ, ಜಗಳ.

ಮಾತಾಡೋದೂ ಒಬ್ಬರ ಹತ್ರ ಮಾತ್ರ, ಅದೂ ಪಕ್ಕಕ್ಕೆ ಕರೆದು. ಹೆಂಡ್ತಿ ಮಕ್ಕಳ ಎದುರು ಲೆಕ್ಕ ಕೇಳಿದ್ರೆ ಗಂಡಸಿಗೆ ಮರ್ಯಾದೆ ಪ್ರಶ್ನೆ ಆಗಿಬಿಡುತ್ತೆ. ಹಾಗಾಗಿ ಅವರು ಹೇಳೋದು ಹೀಗೆ: "ಅಲ್ಲ ಮಾರಾಯ, ನೀನು ಆರು ಅಂದಿದ್ದಕ್ಕೆ ನಾನು ಆರು ಹಾಸಿಗೆ ಮಾತ್ರ ಬಿಸಿಲಿಗೆ ಹಾಕಿದ್ದೆ. ಈಗ ಉಳಿದೋರು ತಣ್ಣನೆ ಹಾಸಿಗೆಯಲ್ಲಿ ಮಲಗಿದ್ರೆ ನಂಗೇ ಬೇಜಾರು. ಹೇಳಬಾರದಿತ್ತಾ?"

ನೋಡಿದ್ರಾ? ಬೈಗುಳ ಇಲ್ಲ, ರೂಲ್ಸ್ ಇಲ್ಲ. ಎದುರಿನವನು ಕರಗಿಹೋಗ್ತಾನೆ. "ಇಲ್ಲ ಆಂಟಿ, ಲಾಸ್ಟ್ ಮಿನಿಟಲ್ಲಿ..." ಅಂತ ಶುರು ಮಾಡ್ತಾನೆ. ಆ ಲಾಸ್ಟ್ ಮಿನಿಟ್ ಒಳಗೇ ಚಿಕ್ಕಮ್ಮ ರಿಜಿಸ್ಟರ್ ತೆಗೆದು "ಬಾ, ಎಲ್ಲರ ಹೆಸರು ಬರಿ" ಅಂತಾರೆ. ತಲೆಗೆಷ್ಟು ಅಂತ ಮೊದಲೇ ವಾಟ್ಸ್ಆಪಲ್ಲಿ ಕಳಿಸಿರ್ತಾರೆ, ಮಕ್ಕಳ ವಯಸ್ಸಿನ ಸಮೇತ. ಆ ಮೆಸೇಜಿಗೆ ಹೆಬ್ಬೆಟ್ಟು ಎಮೋಜಿ ಒತ್ತಿದ್ದು ಇದೇ ಪುಣ್ಯಾತ್ಮ. ಹೊಸದಾಗಿ ಹೇಳೋದು ಏನೂ ಉಳಿದಿರಲ್ಲ.

ಜಾಗ ಸಾಲಲ್ಲ ಅಂದ್ರೆ ಬೈದು ಕಳಿಸಲ್ಲ. ಮೇಲಿನ ತೋಟದವರಿಗೆ ಫೋನ್ ಹೋಗುತ್ತೆ, ಅಲ್ಲಿ ಎರಡು ರೂಮು ಖಾಲಿ ಇದ್ರೆ ಅರ್ಧ ಜನ ಅಲ್ಲಿಗೆ. ಅದೂ ಬೇಡ, ಅಡ್ಜಸ್ಟ್ ಮಾಡ್ಕೋತೀವಿ ಅಂತ ಹಟ ಮಾಡಿದ್ರೆ? ಅಡ್ಜಸ್ಟ್ ಆಗೋದು ನೀವಲ್ಲ, ಸೆಪ್ಟಿಕ್ ಟ್ಯಾಂಕು ಅಂತ ಅವರು ಬಾಯಲ್ಲಿ ಹೇಳಲ್ಲ. ನಗ್ತಾ "ಆಗಲ್ಲ ಮಗಾ" ಅಂತಾರೆ. ಹಗಲಾದ್ರೆ ಆ ಮಾತಿಗೆ ಅಪೀಲಿಲ್ಲ. ರಾತ್ರಿಯಾದ್ರೆ ಮಾತ್ರ ಯಾರನ್ನೂ ಹೊರಗೆ ಹಾಕಲ್ಲ. ಮಲಗಿಸಿ, ಬೆಳಗ್ಗೆ ತಿಂಡಿ ಕೊಟ್ಟು, ತಿಂಡಿ ಪ್ಲೇಟಿನ ಪಕ್ಕ ಬಿಲ್ಲು ಇಡ್ತಾರೆ.

ಹೋಸ್ಟುಗಳೆಲ್ಲ ಸಾಚಾ ಅಂತ ನಾನೇನೂ ಹೇಳಲ್ಲ. ಎರಡು ಮಂಚದ ರೂಮಿಗೆ "ಎಂಟು ಜನ ಆರಾಮ್" ಅಂತ ಬರೆಯೋರಿದಾರೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ಒಂದರಿಂದ ಆರು ರೂಮು, ಹೆಚ್ಚೆಂದರೆ 12 ಹಾಸಿಗೆ, ಮನೆಯವರು ಅಲ್ಲೇ ವಾಸ ಇರಬೇಕು ಅಂತಿದೆ. ಮನೆಯವರೇ ಇಲ್ಲದ, ಇಪ್ಪತ್ತು ರೂಮಿನ, ಡಿಜೆ ಹಾಕೋ "ಹೋಂಸ್ಟೇ"ಗಳನ್ನು ನೀವೂ ನೋಡಿದೀರಿ, ನಾನೂ ನೋಡಿದೀನಿ. ಅಲ್ಲಿ ಹೋಮೂ ಇಲ್ಲ, ಮಲಗೋಕೆ ಬಿಡದೇ ಇರೋದರಿಂದ ಸ್ಟೇಯೂ ಇಲ್ಲ. ಅವರ ಕಥೆ ಇನ್ನೊಂದು ದಿನ.

ನನ್ನ ತೀರ್ಪು ಕೇಳ್ತೀರಾ? ತಲೆಗೆ ಸಾವಿರವೋ ಎರಡು ಸಾವಿರವೋ ಉಳಿಸೋಕೆ ಇಷ್ಟೆಲ್ಲ ನಾಟಕ ಮಾಡ್ತೀರಲ್ಲ, ಅದೇ ನೀವು ವಾಪಸ್ ಬರೋವಾಗ ಹೈವೇಯಲ್ಲಿ ಬ್ರಾಂಡೆಡ್ ಕಾಫಿಗೆ ಮುನ್ನೂರು ಕೊಟ್ಟು ಕುಡೀತೀರಿ. ಕಾಫಿ ಬೆಳೆದವರ ಮನೆಯಲ್ಲಿ ಸುಳ್ಳು ಲೆಕ್ಕ, ಕಾಫಿ ಮಾರೋನ ಕೌಂಟರಲ್ಲಿ ಟಿಪ್ಪು. ನಿಮಗೆ ದುಡ್ಡು ಕಷ್ಟ ಅಲ್ಲವೇ ಅಲ್ಲ. ಗೆದ್ದೆ ಅನ್ನೋ ಖುಷಿ ಬೇಕು. ಯಾರ ಮೇಲೆ ಗೆದ್ರಿ? ಚಪ್ಪಲಿ ಎಣಿಸ್ಕೊಂಡು ಸುಮ್ಮನಿದ್ದ ಒಬ್ಬ ಹೆಂಗಸಿನ ಮೇಲೆ.

ಮುಂದಿನ ಲಾಂಗ್ ವೀಕೆಂಡ್ ಯಾವಾಗ ಅಂತ ಆಗಲೇ ಕ್ಯಾಲೆಂಡರಲ್ಲಿ ಗುರುತು ಹಾಕಿರ್ತೀರಿ ಬಿಡಿ. ಫೋನ್ ಎತ್ಕೊಳ್ಳಿ. ಮಕ್ಕಳ ನಿಜವಾದ ವಯಸ್ಸು ಹೇಳಿ, ಅತ್ತೆ ಚೆನ್ನಾಗಿ ತಿಂತಾರೆ ಅಂತ ಹೇಳಿ, ಡೌಟಿನ ಹುಡುಗ ಬಂದೇ ಬರ್ತಾನೆ ಅಂತ ಹೇಳಿ, ಭಾವಮೈದನ ಪಾಸ್‌ಪೋರ್ಟ್ ವಿಷಯ ಹೇಳಿ. ಮತ್ತೆ ಡ್ರೈವರಿಗೆ ಒಂದು ಮಂಚ ಬೇಕು ಅಂತ ಮರೀದೇ ಹೇಳಿ. ದುಡ್ಡು ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ.